ಆಸ್ಪತ್ರೆಯ ಬಾಗಿಲಲ್ಲೇ ಮುಗಿಯುವ ಚಿಕಿತ್ಸೆ

ನಮ್ಮ ಪಕ್ಷದ ಹಳೆಯ ಸಂಗಾತಿಯೊಬ್ಬರು ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದರು. ಮೂವತ್ತು ವರ್ಷ ಊರ ತೋಟಗಳಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸಿದವರು ಅವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಊರವರು ಜೀಪು ಮಾಡಿಕೊಂಡು ಪಟ್ಟಣದ ಆಸ್ಪತ್ರೆಗೆ ತಂದರು. ಕಾರ್ಡು ಇದ್ದುದರಿಂದ ಚಿಕಿತ್ಸೆಗೆ ಹಣ ಹಿಡಿಯಲಿಲ್ಲ. ಒಂಬತ್ತನೆಯ ದಿನ ಬಿಡುಗಡೆಯ ಚೀಟಿ ಕೊಟ್ಟರು. ಚೀಟಿಯ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸುವುದು’ ಎಂದು ಒಂದು ಸಾಲು ಇತ್ತು. ಎಲ್ಲಿ, ಯಾರಿಂದ, ಯಾರ ಖರ್ಚಿನಲ್ಲಿ ಎಂಬುದು ಮಾತ್ರ ಇರಲಿಲ್ಲ.

ಆ ಒಂದು ಸಾಲನ್ನು ಕುರಿತೇ ಈ ವಾರ ನಾವು ಬರೆಯುತ್ತಿದ್ದೇವೆ.

ಮೂರು ತಿಂಗಳ ಮೇಲೆ ನಾವು ಅವರ ಮನೆಗೆ ಹೋದೆವು. ಬಸ್ಸು ನಿಲ್ಲುವಲ್ಲಿಂದ ಮೂರು ಕಿಲೋಮೀಟರು ಕಾಲುದಾರಿ. ಸಂಗಾತಿ ಒಳಮನೆಯ ಚಾಪೆಯ ಮೇಲೆ ಮಲಗಿದ್ದರು. ಬಲಗೈ ಮಡಚಿ ಎದೆಗೆ ಅಂಟಿತ್ತು, ಬೆರಳುಗಳು ಮುಷ್ಟಿಯಾಗಿದ್ದವು. ಸೊಂಟದ ಹಿಂದೆ ಹುಣ್ಣು ಎದ್ದಿತ್ತು. ಅವರ ಹೆಂಡತಿ ಹೇಳಿದರು: “ಅಣ್ಣಾ, ಆಸ್ಪತ್ರೇಲಿ ಇದ್ದಾಗ ಕೈ ಇಷ್ಟು ಬಿಗಿ ಇರ್ಲಿಲ್ಲ. ಮನೆಗೆ ಬಂದ ಮೇಲೇ ಬಿಗಿಯಾಗಿದ್ದು.” ಪಟ್ಟಣದ ಖಾಸಗಿ ಫಿಸಿಯೋಥೆರಪಿಯವರ ಬಳಿಗೆ ಎರಡು ಸಲ ಕರೆದೊಯ್ದಿದ್ದರಂತೆ. ಜೀಪಿನ ಬಾಡಿಗೆ, ಅವರ ಫೀಸು ಸೇರಿ ಆಕೆಯ ಐದು ದಿನದ ಕೂಲಿಯಷ್ಟಾಯಿತು. ಮೂರನೆಯ ಸಲ ಹೋಗಲಿಲ್ಲ. ಗಂಡನನ್ನು ಬಿಟ್ಟು ಕದಲುವಂತಿಲ್ಲವಾದ್ದರಿಂದ ಆಕೆಯ ಕೂಲಿಯೂ ನಿಂತಿತು. ಒಬ್ಬರಿಗೆ ಬಡಿದ ರೋಗ ಇಬ್ಬರ ದುಡಿಮೆಯನ್ನು ನುಂಗಿತು.

ಇದು ವಿಧಿಯಾಟವೆಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಲಕ್ವ ಹೊಡೆದುದು ವಿಧಿಯೆಂದೇ ಇಟ್ಟುಕೊಳ್ಳೋಣ. ಆಮೇಲೆ ಕೈ ಮುಷ್ಟಿಗಟ್ಟಿದ್ದೂ ಹುಣ್ಣು ಎದ್ದದ್ದೂ ವಿಧಿಯಲ್ಲ. ಅವು ಅಲಕ್ಷ್ಯದ ಫಲ. ಆ ಅಲಕ್ಷ್ಯ ಹೆಂಡತಿಯದಲ್ಲ, ವ್ಯವಸ್ಥೆಯದು.

ಫಿಸಿಯೋಥೆರಪಿ ಎಂದರೆ ಎಣ್ಣೆ ತಿಕ್ಕುವುದೆಂದೋ, ಶ್ರೀಮಂತರ ಸೊಂಟನೋವಿಗೆ ಕರೆಂಟು ಹಿಡಿಯುವುದೆಂದೋ ನಮ್ಮ ಜನ ತಿಳಿದಿದ್ದಾರೆ. ಅದು ತಪ್ಪು. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಅದು ಸತ್ತರೆ, ಉಳಿದ ಭಾಗಗಳು ಅದರ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು. ಆದರೆ ಕಲಿಕೆಗೆ ಅಭ್ಯಾಸ ಬೇಕು. ಎದ್ದು ಕೂರುವುದು, ಕೂತಲ್ಲಿಂದ ಏಳುವುದು, ಚೊಂಬು ಹಿಡಿಯುವುದು — ಇವನ್ನು ದಿನವೂ ಹತ್ತಾರು ಸಲ, ಸರಿಯಾದ ಕ್ರಮದಲ್ಲಿ ಮಾಡಿಸಬೇಕು. ಈ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಅತ್ಯಂತ ಚುರುಕು. ಆರು ತಿಂಗಳ ನಂತರ ಪೂರ್ತಿ ನಿಲ್ಲದಿದ್ದರೂ ನಿಧಾನವಾಗುತ್ತದೆ. ಬಿತ್ತನೆಗೆ ಹದವಿರುವಂತೆ ಇದಕ್ಕೂ ಒಂದು ಹದವಿದೆ. ಹದ ತಪ್ಪಿದ ಮೇಲೆ ಎಷ್ಟು ಉತ್ತರೂ ಅಷ್ಟಕ್ಕಷ್ಟೆ.

ಕಲಿಸುವುದು ಒಂದಾದರೆ, ಕೆಡದಂತೆ ಕಾಯುವುದು ಇನ್ನೊಂದು. ಬಲವಿಲ್ಲದ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಿ, ಸಾಯುವ ತನಕ ನೋವು ಉಳಿಯಬಹುದು. ಅಲುಗಾಡಿಸದೆ ಬಿಟ್ಟರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ನುಂಗುವ ಶಕ್ತಿ ಕುಂದಿದವರನ್ನು ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನುಂಗುವುದನ್ನೂ ಮಾತನ್ನೂ ಮತ್ತೆ ಕಲಿಸುವ ತಜ್ಞರೇ ಬೇರೆ ಇದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಅಂಥವರನ್ನು ತಯಾರು ಮಾಡುತ್ತಿದೆ. ಉಣ್ಣುವುದು, ಉಡುವುದು, ಬಚ್ಚಲಿಗೆ ಹೋಗುವುದು ಮುಂತಾದ ನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿಯವರೂ ಇದ್ದಾರೆ. ವಿದ್ಯೆಯೂ ಇದೆ, ವಿದ್ಯಾವಂತರೂ ಇದ್ದಾರೆ. ಆ ವಿದ್ಯೆಗೆ ಹಳ್ಳಿಯ ದಾರಿ ಮಾತ್ರ ಗೊತ್ತಿಲ್ಲ.

ಈ ಆರೈಕೆ ಮನೆಯಲ್ಲಿಯೇ ಸಿಗಬೇಕೆಂದು ನಾವು ಹೇಳುವುದಕ್ಕೆ ಕಾರಣವಿದೆ. ನಡೆಯಲಾರದವರನ್ನು ನಡೆಯಲು ಕಲಿಯುವುದಕ್ಕಾಗಿ ಐವತ್ತು ಕಿಲೋಮೀಟರು ಬಾ ಎನ್ನುವುದು ಎಂಥ ನ್ಯಾಯ? ಅದಲ್ಲದೆ, ಆಸ್ಪತ್ರೆಯ ನಯವಾದ ನೆಲದ ಮೇಲೆ ನಡೆದವರು ಮನೆಯ ಹೊಸ್ತಿಲು ದಾಟಲಾರದೆ ಬೀಳುತ್ತಾರೆ. ಯಾವ ಮೆಟ್ಟಿಲಿಗೆ ಆಸರೆ ಬೇಕು, ಮಂಚ ಎಷ್ಟು ಎತ್ತರವಿರಬೇಕು ಎಂಬುದನ್ನು ಮನೆಗೆ ಬಂದು ನೋಡಿದವರೇ ಹೇಳಬಲ್ಲರು. ಲಕ್ವ ಹೊಡೆದು ಮನೆಯಲ್ಲಿರುವವರಿಗೆ ಮೊದಲ ವರ್ಷದೊಳಗೆ ಇಂಥ ಆರೈಕೆ ಕೊಟ್ಟು ನೋಡಿದ, ಹೆಚ್ಚಾಗಿ ಶ್ರೀಮಂತ ದೇಶಗಳಲ್ಲಿ ನಡೆದ 14 ಪ್ರಯೋಗಗಳನ್ನು ವಿದ್ವಾಂಸರು 2003ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿದ್ದ ರೋಗಿಗಳು 1,617 ಮಂದಿ. ಆರೈಕೆ ಪಡೆದ ಪ್ರತಿ ನೂರು ಜನರಲ್ಲಿ ಸುಮಾರು ಏಳು ಮಂದಿ ಸ್ಥಿತಿ ಹದಗೆಡುವುದರಿಂದ ಪಾರಾದರೆಂದು ಲೆಕ್ಕ ಹಾಕಿದರು. ನೂರಕ್ಕೆ ಏಳು ಎಂದರೆ ಸಣ್ಣ ಸಂಖ್ಯೆಯೆಂದು ಮೂಗು ಮುರಿಯುವವರು, ಆ ಏಳರಲ್ಲಿ ತಮ್ಮ ತಂದೆ ಇರಬಹುದೆಂದು ಎಣಿಸಿ ನೋಡಲಿ.

‘ಮನೆಯವರಿಗೇ ನಾಲ್ಕು ವ್ಯಾಯಾಮ ಹೇಳಿಕೊಟ್ಟರೆ ಸಾಲದೆ? ಮೊಬೈಲಿನಲ್ಲಿ ವಿಡಿಯೋ ಕಳಿಸಿದರೆ ಸಾಲದೆ?’ ಎಂದು ಮಿತವ್ಯಯದ ಪಂಡಿತರು ಕೇಳುತ್ತಾರೆ. ಮೊದಲ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಪರೀಕ್ಷೆ ನಡೆದಿದೆ. 14 ಆಸ್ಪತ್ರೆಗಳ 1,250 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ತರಬೇತಿ ಕೊಟ್ಟು ಅವರ ಕೈಯಿಂದಲೇ ಅಭ್ಯಾಸ ಮಾಡಿಸಿದರು. ಫಲ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ತೀರಿಹೋದವರು ಅಥವಾ ಪರಾವಲಂಬಿಗಳಾದವರು ಆ ಗುಂಪಿನಲ್ಲಿ ನೂರಕ್ಕೆ 47. ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿಯೂ ನೂರಕ್ಕೆ 47. ವ್ಯತ್ಯಾಸವೇ ಕಾಣಲಿಲ್ಲ. ಮನೆಯವರ ಸೇವೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಅದಿಲ್ಲದೆ ಒಂದು ದಿನವೂ ಸಾಗದು. ಆದರೆ ಹೊರೆಯನ್ನು ಮನೆಯವರ ಹೆಗಲಿಗೆ ಜಾರಿಸಿ ಕೈತೊಳೆದುಕೊಳ್ಳುವುದು ಚಿಕಿತ್ಸೆಯಲ್ಲ. ಮತ್ತು ‘ಮನೆಯವರು’ ಎಂದರೆ ಯಾರು? ಹೆಂಡತಿ, ಸೊಸೆ, ಶಾಲೆ ಬಿಟ್ಟ ಮಗಳು. ಹೆಣ್ಣಿನ ದುಡಿಮೆಗೆ ಬೆಲೆ ಕಟ್ಟದಿರುವುದರಿಂದಲೇ ಈ ಯೋಜನೆಗಳು ಅಗ್ಗವಾಗಿ ಕಾಣುತ್ತವೆ.

ಇನ್ನು ಸರ್ಕಾರದ ಕಾಗದಗಳನ್ನು ನೋಡೋಣ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ವಿಮೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ವೆಚ್ಚ ಭರಿಸುವುದಾಗಿ ಹೇಳಿತು. ಬಿಡುಗಡೆಯಾದ ಮೇಲಿನ 15 ದಿನಗಳ ಔಷಧ, ಪರೀಕ್ಷೆಗಳನ್ನೂ ಸೇರಿಸಿತು. ಚೇತರಿಕೆಯ ಹದ ಇರುವುದು ಮೂರು ತಿಂಗಳು, ವಿಮೆಯ ಲೆಕ್ಕ ಹದಿನೈದು ದಿನ! 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ, ಸಮುದಾಯ ಆರೋಗ್ಯ ಕೇಂದ್ರದ ಪುನಶ್ಚೇತನ ಕಾರ್ಯಕರ್ತರು ಹಾಸಿಗೆ ಹಿಡಿದ ವೃದ್ಧರ ಮನೆಗೇ ಹೋಗಬೇಕು. ಓದುಗರು ತಮ್ಮ ತಾಲ್ಲೂಕಿನಲ್ಲಿ ಅಂಥವರನ್ನು ಕಂಡಿದ್ದಾರೆಯೆ? ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 27ನೆಯ ಕಲಮು ಪುನರ್ವಸತಿ ಸೇವೆಯನ್ನು ಸರ್ಕಾರಗಳ ಕರ್ತವ್ಯವೆಂದಿದೆ. ಜೊತೆಗೆ, ‘ಆರ್ಥಿಕ ಶಕ್ತಿಗೆ ಅನುಸಾರವಾಗಿ’ ಎಂಬ ಒಂದು ಕಿಂಡಿಯನ್ನೂ ಕೊರೆದಿದೆ. ಬಡವರ ಹಕ್ಕುಗಳೆಲ್ಲ ಸೋರಿಹೋಗುವುದು ಇಂಥ ಕಿಂಡಿಯಲ್ಲಿಯೇ. 2021ರಲ್ಲಿ ಫಿಸಿಯೋಥೆರಪಿ ಮೊದಲಾದ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯಿದೆಯೂ ಬಂದಿತು. ವೃತ್ತಿಗೆ ಮಾನ್ಯತೆ ಬಂತು, ಸಂತೋಷ. ರೋಗಿಗೆ ಬಂದುದೇನು?

ಆಗದ ಮಾತನ್ನು ನಾವು ಆಡುತ್ತಿಲ್ಲ. ನೆರೆಯ ತಮಿಳುನಾಡು, ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, 2021ರ ಆಗಸ್ಟ್ 5ರಂದು ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆಯನ್ನು ಆರಂಭಿಸಿತು. ಜನರನ್ನು ಹುಡುಕಿಕೊಂಡು ಹೋಗುವ ವೈದ್ಯಕೀಯ ಎಂದು ಅದರ ಅರ್ಥ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆಗೆ ಮುಟ್ಟಿಸುವುದರ ಜೊತೆಗೆ, ಬ್ಲಾಕ್ ಮಟ್ಟದಲ್ಲಿ ಫಿಸಿಯೋಥೆರಪಿಸ್ಟರನ್ನೂ ಉಪಶಮನ ಆರೈಕೆಯ ನರ್ಸರನ್ನೂ ಇಟ್ಟು ಅವರನ್ನು ಮನೆಗಳಿಗೆ ಕಳಿಸುವ ಏರ್ಪಾಡು ಅದರಲ್ಲಿದೆ. ಕೇರಳ 2008ರಲ್ಲಿಯೇ ಉಪಶಮನ ಆರೈಕೆಯ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಹಾಸಿಗೆ ಹಿಡಿದವರ ಮನೆಗೆ ಕಳಿಸಿತು. ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೊಗಳುವುದಿಲ್ಲ. ಒಂದು ಬ್ಲಾಕಿಗೆ ಒಬ್ಬರು ಇಬ್ಬರು ಎಲ್ಲಿಗೆ ಸಾಕು? ಆದರೆ ಬರುವುದು ಸರ್ಕಾರದ ಕೆಲಸ, ಹೋಗುವುದು ರೋಗಿಯ ಕೆಲಸವಲ್ಲ ಎಂಬ ತತ್ವವನ್ನು ಅವರು ಒಪ್ಪಿದ್ದಾರೆ. ಕರ್ನಾಟಕ ಸರ್ಕಾರವೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಗೆ ಮನೆ ಬಾಗಿಲಿಗೆ ಬರುವುದಾಗಿ ಹೇಳಿತು. ಬಾಗಿಲಿಗೆ ಬಂದವರು ಒಳಮನೆಯ ಚಾಪೆಯ ತನಕ ಬರಲಿ ಎಂಬುದು ನಮ್ಮ ಒತ್ತಾಯ.

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಮನೆಗಳಿಗೆ ಹೋಗುವುದೇ ಕೆಲಸವಾದ ಖಾಯಂ ಫಿಸಿಯೋಥೆರಪಿಸ್ಟರು ಇರಲಿ, ಅವರಿಗೆ ವಾಹನವಿರಲಿ, ಗುತ್ತಿಗೆಯ ನೇಮಕ ಬೇಡ. ಎರಡು: ಬಿಡುಗಡೆಯ ಚೀಟಿಯ ಪ್ರತಿಯನ್ನು ಆಸ್ಪತ್ರೆಯೇ ರೋಗಿಯ ತಾಲ್ಲೂಕಿಗೆ ಕಳಿಸಲಿ; ಒಂದು ವಾರದೊಳಗೆ ಮೊದಲ ಭೇಟಿ ಆಗಲಿ. ಮೂರು: ವಿಮೆಯ ಹದಿನೈದು ದಿನದ ಗೆರೆಯನ್ನು ಅಳಿಸಿ, ಕನಿಷ್ಠ ಆರು ತಿಂಗಳ ಪುನಶ್ಚೇತನವನ್ನು ಸೇರಿಸಲಿ. ನಾಲ್ಕು: ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವುದಾದರೆ ಮೊದಲು ಅವರಿಗೆ ಸಂಬಳ ಕೊಡಲಿ.

ನಮ್ಮ ಸಂಗಾತಿಯ ವಿಷಯ ಹೇಳಿ ಮುಗಿಸುತ್ತೇವೆ. ಪಕ್ಷದ ಗೆಳೆಯರು ಚಂದಾ ಎತ್ತಿ, ತರುಣಿ ಫಿಸಿಯೋಥೆರಪಿಸ್ಟ್ ಒಬ್ಬರನ್ನು ವಾರಕ್ಕೊಮ್ಮೆಯಂತೆ ಹತ್ತು ವಾರ ಕರೆದೊಯ್ದೆವು. ಆಕೆ ಅಡಿಕೆ ದಬ್ಬೆಗಳನ್ನು ಕಟ್ಟಿಸಿ ಒಳಮನೆಯಿಂದ ಬಚ್ಚಲಿನವರೆಗೆ ಆಸರೆ ಮಾಡಿಸಿದರು. ಪ್ರತಿ ವಾರ ಅಭ್ಯಾಸ ಬದಲಿಸಿದರು. ನಡುವಿನ ದಿನಗಳಲ್ಲಿ ಹೆಂಡತಿ ಮಾಡಿಸಿದರು. ಹುಣ್ಣು ಮಾಯಿತು. ಕೈ ತೆರೆಯಲಿಲ್ಲ, ಅದರ ಹದ ತಪ್ಪಿತ್ತು. ಆದರೆ ಈಗ ಅವರು ದಬ್ಬೆ ಹಿಡಿದು ತಾವಾಗಿ ಬಚ್ಚಲಿಗೆ ಹೋಗುತ್ತಾರೆ, ಜಗಲಿಯಲ್ಲಿ ಕೂತು ಬಂದವರೊಡನೆ ತೊದಲು ಮಾತಾಡುತ್ತಾರೆ. ಹೆಂಡತಿ ಅರ್ಧ ದಿನದ ಕೂಲಿಗೆ ಹೋಗತೊಡಗಿದ್ದಾರೆ.

ಹತ್ತು ವಾರದ ಆ ಖರ್ಚು ಸರ್ಕಾರದ ಒಂದು ಸಮಾರಂಭದ ಶಾಮಿಯಾನಕ್ಕೂ ಸಾಲದು. ಆದರೂ ಪ್ರತಿ ಹಳ್ಳಿಯಲ್ಲೂ ಚಂದಾ ಎತ್ತಿ ನಡೆಸಲು ಇದು ಗಣಪತಿ ಉತ್ಸವವಲ್ಲ. ದುಡಿದು ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವುದು ದಾನವಲ್ಲ, ಸಾಲ ತೀರಿಸುವುದು. ನಿಮ್ಮ ಊರಿನಲ್ಲಿ ಹೀಗೆ ಮಲಗಿರುವವರು ಎಷ್ಟು ಮಂದಿ, ಬಿಡುಗಡೆಯ ಮೇಲೆ ಅವರನ್ನು ನೋಡಲು ಬಂದವರು ಯಾರು ಎಂಬುದನ್ನು ಬರೆದು ಕಳಿಸಿರೆಂದು ಓದುಗ ಬಂಧುಗಳನ್ನು ಕೋರುತ್ತೇವೆ. ಆ ಪಟ್ಟಿಯನ್ನು ಹಿಡಿದೇ ನಾವು ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುವವರಿದ್ದೇವೆ.