ಟೆನಿಸ್ ಏಣಿಯ ಕೆಳಗಿನ ಮೆಟ್ಟಿಲು



ಟೆನಿಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ವಿಂಬಲ್ಡನ್. ಗೆದ್ದವರು ಕಪ್ ಎತ್ತಿ ಹಿಡಿದ ಫೋಟೋ ಪೇಪರಿನಲ್ಲಿ ನೋಡುತ್ತೇವೆ. ಆದರೆ ಆ ಆಟಗಾರ ಅಲ್ಲಿಯವರೆಗೆ ಹೇಗೆ ಬಂದ ಅಂತ ಯಾರೂ ಕೇಳುವುದಿಲ್ಲ. ಅದನ್ನು ತಿಳಿಯದಿದ್ದರೆ ಟೆನಿಸ್ ಅರ್ಧ ಮಾತ್ರ ತಿಳಿದಂತೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಶಾಲಾ ಕ್ರೀಡಾಕೂಟವನ್ನೇ ತೆಗೆದುಕೊಳ್ಳಿ. ಮೊದಲು ಹೋಬಳಿ, ಅಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಟೆನಿಸ್‌ನಲ್ಲೂ ಇಂಥ ಮೆಟ್ಟಿಲುಗಳಿವೆ. ಪುರುಷರ ಸಿಂಗಲ್ಸ್‌ನ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ:

1. ಐಟಿಎಫ್ ಪಂದ್ಯಾವಳಿ (ಎಂ15, ಎಂ25): ಗೆದ್ದವನಿಗೆ 15 ಅಥವಾ 25 ಅಂಕ. 2023ರಲ್ಲಿ ನಮ್ಮ ಧಾರವಾಡದಲ್ಲಿ ನಡೆದದ್ದು ಈ ಮಟ್ಟದ್ದೇ.
2. ಚಾಲೆಂಜರ್: 50ರಿಂದ 175 ಅಂಕ. ಕಬ್ಬನ್ ಪಾರ್ಕಿನಲ್ಲಿ ನಡೆಯುವ ಬೆಂಗಳೂರು ಓಪನ್ ಇದಕ್ಕೆ ಸೇರಿದ್ದು.
3. ಎಟಿಪಿ 250, ಎಟಿಪಿ 500, ಮಾಸ್ಟರ್ಸ್ 1000: ಗೆದ್ದವನಿಗೆ ಎಷ್ಟು ಅಂಕ ಅಂತ ಹೆಸರೇ ಹೇಳುತ್ತದೆ.
4. ಗ್ರ್ಯಾಂಡ್ ಸ್ಲಾಮ್: ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯು.ಎಸ್. ಗೆದ್ದವನಿಗೆ 2000 ಅಂಕ.

ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ನಾವು ಹೋಬಳಿಯಲ್ಲಿ ಸೋತರೆ ಆ ವರ್ಷ ಮುಗಿಯಿತು. ಅಲ್ಲಿ ಹಾಗಲ್ಲ. ಒಂದು ಕಡೆ ಸೋತರೂ ಮುಂದಿನ ವಾರ ಇನ್ನೊಂದು ಊರಿನಲ್ಲಿ ಆಡಬಹುದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಹಾಗೆ ಅಂಕಗಳು ಸೇರಿ ರ‍್ಯಾಂಕಿಂಗ್ ಆಗುತ್ತದೆ. ಆದರೆ ಒಂದು ಅಂಕದ ಆಯುಷ್ಯ 52 ವಾರ ಮಾತ್ರ. ಆಮೇಲೆ ಅದು ಹೋಯಿತು, ಮತ್ತೆ ಗಳಿಸಬೇಕು. ಗ್ರ್ಯಾಂಡ್ ಸ್ಲಾಮ್‌ನ ಮುಖ್ಯ ಸುತ್ತಿನಲ್ಲಿ 128 ಜನರಿಗೆ ಜಾಗ. ಅದರಲ್ಲಿ ಸುಮಾರು 104 ಜನ ರ‍್ಯಾಂಕಿಂಗ್ ಬಲದಿಂದಲೇ ಬರುತ್ತಾರೆ. 16 ಜನ ಅರ್ಹತಾ ಸುತ್ತು ಗೆದ್ದು ಬರುತ್ತಾರೆ. ಅಂದರೆ ಕೆಳಗಿನ ಮೆಟ್ಟಿಲು ಹತ್ತದೆ ಮೇಲೆ ಹೋಗೋದು ಬಹಳ ಕಷ್ಟ.

ಇನ್ನು ದುಡ್ಡಿನ ವಿಷಯ. ಎಂ15 ಪಂದ್ಯಾವಳಿಯಲ್ಲಿ ಎಲ್ಲಾ ಆಟಗಾರರಿಗೂ ಸೇರಿ ಇರುವ ಬಹುಮಾನ 15 ಸಾವಿರ ಅಮೆರಿಕನ್ ಡಾಲರ್. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಪಂದ್ಯವನ್ನೇ ಸೋತವನಿಗೆ ಸಿಕ್ಕಿದ್ದು 1 ಲಕ್ಷ 20 ಸಾವಿರ ಆಸ್ಟ್ರೇಲಿಯನ್ ಡಾಲರ್, ಸುಮಾರು 65 ಲಕ್ಷ ರೂಪಾಯಿ! ಅಲ್ಲಿ ಸೋತವನಿಗಿರುವಷ್ಟು ಇಲ್ಲಿ ಗೆದ್ದವನಿಗಿಲ್ಲ. ವಿಮಾನ, ಊಟ, ವಸತಿ, ಕೋಚ್, ಎಲ್ಲ ಖರ್ಚೂ ಆಟಗಾರನದೇ.

ಸುಮಿತ್ ನಾಗಲ್ ಅವರನ್ನು ನೋಡಿ. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಗೆದ್ದವರು. 2023ರಲ್ಲಿ ಭಾರತದ ನಂಬರ್ 1 ಆಗಿದ್ದಾಗ ತಮ್ಮ ಬ್ಯಾಂಕ್ ಖಾತೆಯಲ್ಲಿ ಇರೋದು ಸುಮಾರು 80 ಸಾವಿರ ರೂಪಾಯಿ ಅಂತ ಅವರೇ ಹೇಳಿದ್ದರು. ನಾಲ್ಕೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಅರ್ಹತಾ ಸುತ್ತು ಗೆದ್ದು, ಮುಖ್ಯ ಸುತ್ತಿನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್‌ನನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಮಾಡಿದ ಮೇಲೆ ಭಾರತದ ಯಾವ ಪುರುಷನೂ ಸಿಂಗಲ್ಸ್‌ನಲ್ಲಿ ಇಂಥದ್ದನ್ನು ಮಾಡಿರಲಿಲ್ಲ. ದುಡ್ಡಿಲ್ಲ ಅಂತ ಅವರು 2023ರಲ್ಲೇ ರಾಕೆಟ್ ಕೆಳಗಿಟ್ಟಿದ್ದರೆ? ಹಾಗೆ ಕೆಳಗಿಟ್ಟವರ ಹೆಸರು ಯಾವ ಪೇಪರಿನಲ್ಲೂ ಬರೋದಿಲ್ಲ.

ಜನ ದುಡ್ಡು ಕೊಟ್ಟು ನೋಡೋದು ದೊಡ್ಡವರ ಆಟವನ್ನ, ಅದಕ್ಕೇ ದುಡ್ಡೂ ಅಲ್ಲಿಗೇ ಹೋಗುತ್ತೆ ಅಂತ ಕೆಲವರು ಹೇಳಬಹುದು. ಒಪ್ಪುತ್ತೇನೆ. ಆದರೆ ಬೇರಿಗೆ ನೀರು ಹಾಕದೆ ಹಣ್ಣು ಕೇಳಿದರೆ ಹೇಗೆ? 2024ರಲ್ಲಿ ಎಟಿಪಿಯವರು ಮೊದಲ 250 ಆಟಗಾರರಿಗೆ ಕನಿಷ್ಠ ಆದಾಯದ ಯೋಜನೆ ತಂದರು. ಒಳ್ಳೇದೇ. ಆದರೆ 251ನೆಯವನು ಏನು ಮಾಡಬೇಕು? ಗ್ರ್ಯಾಂಡ್ ಸ್ಲಾಮ್‌ಗಳ ಆದಾಯದಲ್ಲಿ ಒಂದು ಪಾಲು ಐಟಿಎಫ್ ಮಟ್ಟಕ್ಕೂ ಇಳಿಯಲೇಬೇಕು.

ನಾವೂ ಒಂದು ಕೆಲಸ ಮಾಡಬಹುದು. ಕ್ರೀಡಾ ಪುಟದ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುವ ಚಾಲೆಂಜರ್, ಐಟಿಎಫ್ ಫಲಿತಾಂಶವನ್ನೂ ಓದೋಣ. ನಾಳಿನ ಗ್ರ್ಯಾಂಡ್ ಸ್ಲಾಮ್ ಆಟಗಾರನ ಹೆಸರು ಇವತ್ತು ಅಲ್ಲೇ ಇರುತ್ತದೆ.

– 10ನೇ ತರಗತಿ, ‘ಬಿ’ ವಿಭಾಗ