ಗೃಹವಿಚಾರ: ಹೊಸ ಮನೆಯೂ ನೆಲದ ತೇವವೂ

ಹೊಸ ಮನೆಯನ್ನು ಕಟ್ಟಿಸುವ ಗೃಹಸ್ಥರು ಮಾಳಿಗೆ ಸೋರಬಾರದೆಂದು ಎಷ್ಟು ಚಿಂತೆ ಮಾಡುವರೋ, ನೆಲದಿಂದ ಏರಿ ಬರುವ ನೀರಿನ ವಿಷಯದಲ್ಲಿ ಅದರ ನಾಲ್ಕಾಣೆಯಷ್ಟನ್ನೂ ಮಾಡುವದಿಲ್ಲ. ರಾಯಬಾಗ ತಾಲೂಕಿನ ದಿಗ್ಗೇವಾಡಿಯಂಥ ಕೃಷ್ಣಾತೀರದ ಊರುಗಳಲ್ಲಿ ಈ ಉಪೇಕ್ಷೆಯು ಬಹಳ ದುಬಾರಿಯಾದದ್ದು. 2005, 2019 ಮತ್ತು 2021ರ ಮಹಾಪೂರಗಳ ತರುವಾಯ ಈ ಭಾಗದಲ್ಲಿ ಎಷ್ಟೋ ಕುಟುಂಬಗಳು ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರಕಾರವು ಸಾರಿದ ಪರಿಹಾರವು 5 ಲಕ್ಷ ರೂಪಾಯಿ. ಇಂಥ ಎಣಿಸಿದ ಹಣದಲ್ಲಿ ಕಟ್ಟುವಾಗ ಮೊದಲು ಕತ್ತರಿ ಬೀಳುವದು ಯಾರ ಕಣ್ಣಿಗೂ ಕಾಣದೆ ಹೂತುಹೋಗುವ ಕೆಲಸಕ್ಕೆ. ಬಣ್ಣವನ್ನು ಬರುವ ವರ್ಷ ಬಳಿಸಬಹುದು. ಗೋಡೆ ಎದ್ದ ಮೇಲೆ ಅದರ ಬುಡದಲ್ಲಿ ತೇವದ ತಡೆಯನ್ನು ಹಾಕಿಸುವದು ಮಾತ್ರ ಬಹು ಪ್ರಯಾಸದ್ದು.

ಲಕ್ಷಣಗಳನ್ನು ಮೊದಲು ಕಾಣುವವಳು ಗೃಹಿಣಿಯೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯು ಮೊಳಕಾಲೆತ್ತರಕ್ಕೆ ಕಪ್ಪಿಡುವದು. ಬಿಳಿಯ ಉಪ್ಪು ಹಿಟ್ಟಿನಂತೆ ಉದುರುವದು. ಜೋಳದ ಚೀಲದ ತಳವು ಮುಗ್ಗುವದು. ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತುವದು. ಉಬ್ಬಸವುಳ್ಳ ಮಕ್ಕಳಿಗೂ ವೃದ್ಧರಿಗೂ ಗೋಡೆಯ ಬೂಸಲು ಬಹಳ ಬಾಧಕ.

ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆಯೇ ಇಟ್ಟಂಗಿಯು ತನ್ನ ಸೂಕ್ಷ್ಮರಂಧ್ರಗಳಿಂದ ನೀರನ್ನು ಮೇಲಕ್ಕೆ ಎಳೆಯುವದು. ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುವಂಥದು. ಸುತ್ತಲೂ ವರ್ಷವಿಡೀ ನೀರುಣ್ಣುವ ಕಬ್ಬಿನ ಹೊಲಗಳಿದ್ದರೆ ಬೇಸಿಗೆಯಲ್ಲಿ ಕೂಡ ನೆಲವು ಒಣಗದು. ಸವಳು ಭೂಮಿಯಲ್ಲಾದರೆ ನೀರಿನ ಕೂಡ ಉಪ್ಪೂ ಏರಿ, ಅದು ಹರಳುಗಟ್ಟುವಾಗ ಗಿಲಾವನ್ನು ಒಡೆದು ಕೆಡಹುವದು.

ಹಿಂದಿನವರ ಮಣ್ಣಿನ ಮನೆಗಳಲ್ಲಿ ತೇವ ಏರುತ್ತಿರಲಿಲ್ಲವೆಂದಲ್ಲ. ಏರಿದ ತೇವವು ಮಣ್ಣಿನ ಗೋಡೆಯಿಂದಲೂ ಸೆಗಣಿಯಿಂದ ಸಾರಿಸಿದ ನೆಲದಿಂದಲೂ ಆರಿಹೋಗುತ್ತಿತ್ತು. ಈಗ ಗೋಡೆಯ ಎರಡೂ ಮೈಗೆ ಸಿಮೆಂಟಿನ ಗಿಲಾವು, ನೆಲಕ್ಕೆ ನುಣುಪಾದ ಟೈಲ್ಸು. ಹೊರಬೀಳಲು ದಾರಿ ಕಾಣದ ನೀರು ಗೋಡೆಯೊಳಗೇ ಇನ್ನೂ ಮೇಲಕ್ಕೆ ಹತ್ತುವದು. ಆದ್ದರಿಂದ ಹೊಸ ತರದ ಮನೆಗೇ ತಡೆಯ ಅವಶ್ಯಕತೆ ಹೆಚ್ಚು.

ಪಾಯದ ಕಟ್ಟಡವು ಸುತ್ತಲಿನ ನೆಲದಿಂದ ಒಂದೂವರೆ ಅಡಿಯಾದರೂ ಮೇಲೆ ಬರತಕ್ಕದ್ದು. ಇದನ್ನು ಇಂದಿನ ರಸ್ತೆಯಿಂದ ಅಳೆದರೆ ಸಾಲದು. ಓಣಿಯ ರಸ್ತೆಯು ಪ್ರತಿ ಸಲ ಕಾಂಕ್ರೀಟು ಕಂಡಾಗಲೂ ಅರ್ಧ ಅಡಿ ಏರುವ ಪರಿಪಾಠವನ್ನು ನಾವೆಲ್ಲ ಬಲ್ಲೆವು! ಆ ಮಟ್ಟದಲ್ಲಿ, ಗೋಡೆಯ ಪೂರ್ಣ ಅಗಲಕ್ಕೆ, ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಸಣ್ಣ ಖಡಿಯ ಕಾಂಕ್ರೀಟನ್ನು ಒಂದೂವರೆ ಅಂಗುಲ ದಪ್ಪ ಹಾಕಿಸಬೇಕು. ನೀರು ತಡೆಯುವ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಕೂಡಿಸತಕ್ಕದ್ದು. ಗವಂಡಿಗಳು ಇದನ್ನು ‘ಡಿ.ಪಿ.ಸಿ.’ ಎನ್ನುವರು. ಏಳು ದಿವಸ ನೀರುಣಿಸಿ, ಚೆನ್ನಾಗಿ ಒಣಗಿದ ಮೇಲೆ ಕಾಯಿಸಿದ ಡಾಂಬರನ್ನು ಎರಡು ಸಲ ಬಳಿಯಬೇಕು. ಮರುದಿನವೇ ಇಟ್ಟಂಗಿ ಇಡಲು ಅವಸರಪಡುವ ಗವಂಡಿಗೆ ಈ ಒಂದು ವಾರ ‘ಆಗದು’ ಎಂದು ಹೇಳುವ ಧೈರ್ಯವು ಮನೆಯವರಿಗೆ ಬೇಕು.

ಗೋಡೆಗೆ ತಡೆ ಹಾಕಿ ನೆಲವನ್ನು ಬಿಟ್ಟರೆ ಅರ್ಧ ಕೆಲಸವೇ ಆಯಿತು. ಒಳಗಿನ ಎರೆಮಣ್ಣನ್ನು ತೆಗೆಯಿಸಬೇಕು. ಅದು ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ನೆಲವನ್ನೇ ಸೀಳುವದು. ಅದರ ಸ್ಥಳದಲ್ಲಿ ಮುರಮನ್ನು ಅರ್ಧರ್ಧ ಅಡಿಯ ಪದರಾಗಿ ಹಾಕಿ, ನೀರು ಹೊಡೆದು ದಮ್ಮಸು ಮಾಡಿಸಿ, ಮೇಲೆ ಕಲ್ಲು ಜೋಡಿಸಿ, ಮೊನೆಗಳು ಮುಚ್ಚುವಂತೆ ಉಸುಕನ್ನು ಹರವಬೇಕು. ಆಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಹಾಳೆಯು ಅರ್ಧ ಅಡಿ ಏರಿರಲಿ, ಸಂದುಗಳಿಗೆ ಟೇಪು ಬೀಳಲಿ. ಅಂಚುಗಳನ್ನು ಗೋಡೆಯಗುಂಟ ಮೇಲಕ್ಕೆ ಮಡಿಸಿ ಡಾಂಬರಿನ ಪದರಿಗೆ ಕೂಡಿಸಬೇಕು. ನೀರಿಗೆ ಬೆರಳಗಲದ ಸಂದೂ ಸಾಕು. ಕಾಂಕ್ರೀಟು ಸುರಿಯುವ ದಿನ ಸಲಿಕೆಯ ಪೆಟ್ಟಿಗೆ ಹಾಳೆಯು ಹರಿಯದಂತೆ ಮನೆಯವರೊಬ್ಬರು ನಿಂತು ನೋಡುವದು ಲೇಸು.

ಇಷ್ಟೆಲ್ಲ ಮಾಡಿಯೂ ಕೆಡಿಸಿಕೊಂಡವರುಂಟು. ಹೊರಗಿನ ಗಿಲಾವನ್ನು ಡಾಂಬರಿನ ಪದರು ದಾಟಿಸಿ ಮಣ್ಣಿನ ತನಕ ಇಳಿಸಿದರೆ, ಅಥವಾ ಗೋಡೆಗೆ ತಗುಲಿಸಿ ಕುಳಿತುಕೊಳ್ಳುವ ಕಟ್ಟೆಯನ್ನು ಪದರಿಗಿಂತ ಎತ್ತರ ಕಟ್ಟಿಸಿದರೆ, ನೀರಿಗೆ ಏಣಿ ಹಾಕಿಕೊಟ್ಟಂತಾಯಿತು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುವದೂ ಅಷ್ಟೇ ಕೆಟ್ಟದ್ದು. ಮನೆಯ ಸುತ್ತಲೂ ಮೂರಡಿ ಅಗಲದ ಫರಸಿಯನ್ನು ಹೊರಗೆ ಇಳಿಜಾರಾಗಿ ಹಾಸಿದರೆ ಮಳೆಯ ನೀರು ಪಾಯದಿಂದ ದೂರ ಹರಿಯುವದು.

ಹೊಳೆ ಬಂದರೆ ಈ ತಡೆಯು ಕಾಯುವದೇ ಎಂದು ಕೇಳಬಹುದು. ಕಾಯಲಾರದು. ಬಾಗಿಲಿನಿಂದ ಒಳಹೊಕ್ಕ ಪೂರವನ್ನು ಯಾವ ಡಾಂಬರೂ ನಿಲ್ಲಿಸದು. ಅದಕ್ಕೆ ಎತ್ತರದ ನಿವೇಶನವೇ ಉಪಾಯ. ಪೂರ ಇಳಿದ ಬಳಿಕ ಗೋಡೆಗೆ ನೆಲದಿಂದ ಮತ್ತೆ ಮತ್ತೆ ನೀರು ಬರದಂತೆ ಮಾಡುವದಷ್ಟೇ ಇದರ ಉಪಕಾರ. ನೆನೆದ ಇಟ್ಟಂಗಿಯ ಗೋಡೆಯು ತಿಂಗಳಿಗೆ ಸುಮಾರು ಒಂದು ಅಂಗುಲದಂತೆ ಆರುವದೆಂಬ ಲೆಕ್ಕವಿರುವದರಿಂದ, ಒಂಬತ್ತು ಅಂಗುಲದ ಗೋಡೆಗೆ ಕಿಡಕಿ ಬಾಗಿಲುಗಳನ್ನು ತೆರೆದಿಟ್ಟು ಹಲವು ತಿಂಗಳು ಅವಕಾಶ ಕೊಡಬೇಕು. ಅಲ್ಲಿಯ ವರೆಗೆ ಸುಣ್ಣವನ್ನು ಬಳಿದುಕೊಳ್ಳಬಹುದು. ಎಣ್ಣೆಯ ಬಣ್ಣವನ್ನು ಹಚ್ಚಿಸಬಾರದು.