ಹುಡುಗರಿಗೆ ಹೆಲ್ಮೆಟ್, ಹುಡುಗಿಯರಿಗೆ ಬರೀ ಕನ್ನಡಕ: ಲ್ಯಾಕ್ರಾಸ್‌ನಲ್ಲಿ ಈ ಭೇದ ಯಾಕೆ?

ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟ ಪೋಸ್ಟ್ ಒಂದು ನಿಮ್ಮ ಫೋನಿಗೂ ಬಂದಿರಬಹುದು, ಅದರಲ್ಲೂ ಅಮೆರಿಕದಲ್ಲಿ ನಿಮ್ಮ ನೆಂಟರೋ ಸ್ನೇಹಿತರೋ ಇದ್ದರೆ. ಎಡಗಡೆ ಹೆಲ್ಮೆಟ್, ಮುಖಕ್ಕೆ ಕಂಬಿ, ಭುಜಕ್ಕೆ ಪ್ಯಾಡ್, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡ ಹುಡುಗ. ಬಲಗಡೆ ಅದೇ ಆಟದ ಕೋಲು ಹಿಡಿದ ಹುಡುಗಿ. ಅವಳ ಮುಖದ ಮೇಲೆ ತಂತಿ ಬಲೆಯ ಒಂದು ಕನ್ನಡಕ, ಬಾಯಲ್ಲಿ ಹಲ್ಲಿನ ರಕ್ಷಾಕವಚ, ಅಷ್ಟೇ. ಕೆಳಗಿನ ಸಾಲು ಕಳಿಸಿದವರ ಮನಸ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ‘ಹೆಣ್ಣುಮಕ್ಕಳ ತಲೆಗೆ ಬೆಲೆಯೇ ಇಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ‘ಹುಡುಗಿಯರ ಆಟ ಮೃದು, ಅಲ್ಲಿ ಪೆಟ್ಟೇ ಬೀಳುವುದಿಲ್ಲ’ ಎಂದು ಇನ್ನು ಕೆಲವರು ಸಮಾಧಾನ ಹೇಳುತ್ತಾರೆ.

ಫೋಟೊ ಸುಳ್ಳಲ್ಲ. ಆದರೆ ಎರಡೂ ವಿವರಣೆ ಪೂರ್ತಿ ಸರಿಯಲ್ಲ. ಹುಡುಗರ ಲ್ಯಾಕ್ರಾಸ್ ಮತ್ತು ಹುಡುಗಿಯರ ಲ್ಯಾಕ್ರಾಸ್ ಒಂದೇ ಆಟದ ಗಂಡು-ಹೆಣ್ಣು ವಿಭಾಗಗಳಲ್ಲ. ನಿಯಮ ನೋಡಿದರೆ ಅವು ಹೆಚ್ಚುಕಡಿಮೆ ಎರಡು ಬೇರೆ ಆಟಗಳು.

ಇದು ಎಲ್ಲಿಯ ಆಟ?

ಉದ್ದ ಕೋಲಿನ ತುದಿಗೆ ಸಣ್ಣ ಬಲೆ. ಆ ಬಲೆಯಲ್ಲಿ ಗಟ್ಟಿ ರಬ್ಬರ್ ಚೆಂಡನ್ನು ಹಿಡಿಯಬೇಕು, ಬೀಳದ ಹಾಗೆ ತೂಗುತ್ತಾ ಓಡಬೇಕು, ಜೊತೆಗಾರರಿಗೆ ಎಸೆಯಬೇಕು, ಎದುರಾಳಿಯ ಗೋಲಿಗೆ ಬೀಸಬೇಕು. ಚೆಂಡಿನ ತೂಕ ಸುಮಾರು 145 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಹಗುರ. ಈ ತೂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉತ್ತರ ಅಮೆರಿಕದ ಮೂಲನಿವಾಸಿಗಳು ಶತಮಾನಗಳಿಂದ ಆಡಿಕೊಂಡು ಬಂದ ಆಟ ಇದು. ಹೋಡಿನೊಶೋನಿ ಜನರಿಗೆ ಇದು ಸೃಷ್ಟಿಕರ್ತನಿಗೆ ಒಪ್ಪಿಸುವ ಆಟ. ರೋಗಿಗಳು ಗುಣವಾಗಲಿ ಎಂದು ಹರಕೆಯ ಹಾಗೆ ಆಡುವುದೂ ಉಂಟು. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಇದಕ್ಕೆ ಬರಹದ ನಿಯಮಗಳನ್ನು ಮಾಡಿದರು. ಹುಡುಗಿಯರ ಆಟದ ದಾರಿಯೇ ಬೇರೆ. ಸ್ಕಾಟ್ಲೆಂಡಿನ ಸೇಂಟ್ ಲೆನರ್ಡ್ಸ್ ಶಾಲೆಯ ಮಾಜಿ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡೆನ್ 1884ರಲ್ಲಿ ಕೆನಡಾದಲ್ಲಿ ಒಂದು ಪಂದ್ಯ ನೋಡಿ ಮೆಚ್ಚಿಕೊಂಡರು. 1890ರಲ್ಲಿ ಆ ಶಾಲೆಯ ಹುಡುಗಿಯರು ಆಡಿದ್ದು ಮಹಿಳಾ ಲ್ಯಾಕ್ರಾಸ್‌ನ ಮೊದಲ ಪಂದ್ಯ ಎನಿಸಿಕೊಂಡಿದೆ. ಅಲ್ಲಿ ಆಟ ಕಲಿತ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅದನ್ನು ಅಮೆರಿಕದ ಬಾಲ್ಟಿಮೋರ್‌ನ ಬ್ರಿನ್ ಮಾರ್ ಶಾಲೆಗೆ ತಂದರು. ಅಂದರೆ ಅಮೆರಿಕದ ಹುಡುಗಿಯರು ಇಂದು ಆಡುವ ಆಟ ಹುಡುಗರ ಆಟದಿಂದ ಕವಲೊಡೆದಿದ್ದಲ್ಲ, ಅಟ್ಲಾಂಟಿಕ್ ದಾಟಿ ಹೋಗಿ ಸುತ್ತು ಬಳಸಿ ಬಂದಿದ್ದು.

ನಮಗೂ ಇದಕ್ಕೂ ಒಂದು ಸಣ್ಣ ನಂಟಿದೆ. 2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಮುಂಬೈನಲ್ಲಿ ನಡೆಯಿತು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದ ಸುದ್ದಿಯನ್ನು ನಾವೆಲ್ಲ ಹಂಚಿಕೊಂಡೆವು. ಅದೇ ತೀರ್ಮಾನದಲ್ಲಿ ಲ್ಯಾಕ್ರಾಸ್ ಕೂಡ ಇತ್ತು.

ನಿಯಮವೇ ಹೆಲ್ಮೆಟ್

ಹುಡುಗರ ಆಟದಲ್ಲಿ ಚೆಂಡು ಹಿಡಿದವನನ್ನು ಎದುರಿನಿಂದ ಭುಜ ಕೊಟ್ಟು ಗುದ್ದಬಹುದು. ಭುಜಕ್ಕಿಂತ ಕೆಳಗೆ, ಸೊಂಟಕ್ಕಿಂತ ಮೇಲೆ ಇರಬೇಕು ಎಂಬ ಮಿತಿ ಇದೆ. ಆದರೂ ಗುದ್ದಾಟ ಆಟದ ಭಾಗವೇ. ಅದಕ್ಕೇ ಅಷ್ಟೆಲ್ಲ ಕವಚ.

ಹುಡುಗಿಯರ ಆಟದಲ್ಲಿ ಮೈಯಿಂದ ಗುದ್ದುವಂತಿಲ್ಲ. ಎದುರಾಳಿಯ ಕೋಲನ್ನು ನಮ್ಮ ಕೋಲಿನಿಂದ ತಟ್ಟಿ ಚೆಂಡು ಬೀಳಿಸಬಹುದು. ಅದಕ್ಕೂ ಕಟ್ಟುಪಾಡು ಹೆಚ್ಚು. ಪ್ರತಿ ಆಟಗಾರ್ತಿಯ ತಲೆಯ ಸುತ್ತ ಸುಮಾರು ಏಳು ಇಂಚಿನ ಒಂದು ಕಾಣದ ಗೋಳ ಇದೆ ಎಂದು ನಿಯಮಪುಸ್ತಕ ಭಾವಿಸುತ್ತದೆ. ಎದುರಾಳಿಯ ಕೋಲು ಆ ಗೋಳದೊಳಗೆ ಬಂದರೆ ಫೌಲ್, ತಲೆಗೆ ತಾಗಬೇಕೆಂದೇನೂ ಇಲ್ಲ. ತಲೆಗೇ ತಾಗಿದರೆ ಕಾರ್ಡ್ ತೋರಿಸಲೇಬೇಕು. ಹಳದಿ ಕಾರ್ಡ್ ಬಿದ್ದರೆ ಎರಡು ನಿಮಿಷ ಹೊರಗೆ, ಅಷ್ಟು ಹೊತ್ತು ತಂಡ ಒಬ್ಬರು ಕಡಿಮೆ ಇಟ್ಟುಕೊಂಡು ಆಡಬೇಕು.

ಬಲೆಯಲ್ಲೂ ವ್ಯತ್ಯಾಸ ಇದೆ. ಹುಡುಗರ ಕೋಲಿನ ಬಲೆ ಆಳ, ಚೆಂಡು ಅಲ್ಲಾಡದೆ ಕೂರುತ್ತದೆ. ಹುಡುಗಿಯರ ಕೋಲಿನಲ್ಲಿ ಬಲೆ ಎಷ್ಟು ಮೇಲಿರಬೇಕೆಂದರೆ, ಪಕ್ಕದಿಂದ ನೋಡಿದಾಗ ಚೆಂಡಿನ ನೆತ್ತಿ ಕೋಲಿನ ಅಂಚಿನಿಂದ ಮೇಲೆ ಕಾಣಬೇಕು. ಅಲ್ಲಿ ಚೆಂಡು ಉಳಿಯುವುದೇ ಕಷ್ಟ, ಬಲವಾಗಿ ಹೊಡೆದು ಬೀಳಿಸಬೇಕಾದ ಅಗತ್ಯವೂ ಅಷ್ಟಿಲ್ಲ. ಸುರಕ್ಷತೆಯನ್ನು ಮೈಮೇಲೆ ಹೊರಿಸದೆ ಕೋಲಿನ ವಿನ್ಯಾಸದಲ್ಲೇ ಅಡಗಿಸಿದ ಈ ಉಪಾಯ ನನಗೆ ಬಹಳ ಇಷ್ಟ.

ಚಿಕ್ಕ ಮಕ್ಕಳಲ್ಲಿ ಇನ್ನೂ ಬಿಗಿ. ಯುಎಸ್ಎ ಲ್ಯಾಕ್ರಾಸ್ ಸಂಸ್ಥೆಯ ನಿಯಮದಂತೆ 10 ವರ್ಷದೊಳಗಿನ ಹುಡುಗಿಯರು ಎದುರಾಳಿಯ ಕೋಲನ್ನು ತಟ್ಟುವಂತೆಯೇ ಇಲ್ಲ. ವಯಸ್ಸು ಏರಿದಂತೆ ಸ್ವಲ್ಪ ಸ್ವಲ್ಪವೇ ಅವಕಾಶ ಕೊಡುತ್ತಾರೆ. ಮೊದಲು ಭುಜಕ್ಕಿಂತ ಕೆಳಗಿರುವ ಕೋಲನ್ನು ಮಾತ್ರ, ಅದೂ ಮೈಯಿಂದ ಆಚೆಗೆ ತಟ್ಟಬೇಕು. ಹಾಗಾದರೆ ಚಿಕ್ಕವರು ಚೆಂಡು ಕಸಿಯುವುದು ಹೇಗೆ? ಇದಕ್ಕೆ ಒಂದು ಸೊಗಸಾದ ನಿಯಮ ಇದೆ. ರಕ್ಷಕಿ ಸರಿಯಾದ ಜಾಗದಲ್ಲಿ ನಿಂತು, ಎರಡೂ ಕೈಯಲ್ಲಿ ಕೋಲು ಹಿಡಿದು, ಬೇಕಿದ್ದರೆ ತಟ್ಟಬಹುದಾದಷ್ಟು ಹತ್ತಿರದಲ್ಲಿ ಮೂರು ಸೆಕೆಂಡ್ ಕಾವಲು ಕಾದರೆ ಸಾಕು, ಚೆಂಡು ಅವಳ ತಂಡಕ್ಕೆ. ತಟ್ಟದೆಯೇ, ‘ತಟ್ಟಬಹುದಿತ್ತು’ ಎಂದು ತೋರಿಸಿದ್ದಕ್ಕೆ ಸಿಗುವ ಬಹುಮಾನ ಇದು.

ಮುಟ್ಟದಿದ್ದರೂ ಫೌಲ್!

ಹೊಸಬರಿಗೆ, ಅದರಲ್ಲೂ ಕ್ರಿಕೆಟ್ ನೋಡಿ ಬೆಳೆದ ನಮ್ಮಂಥ ತಂದೆತಾಯಿಗಳಿಗೆ, ಅತಿ ಹೆಚ್ಚು ಗೊಂದಲ ತರುವುದು ‘ಶೂಟಿಂಗ್ ಸ್ಪೇಸ್’ ಎಂಬ ನಿಯಮ. ಎದುರಾಳಿ ಗೋಲಿಗೆ ಗುರಿಯಿಟ್ಟಿದ್ದಾಳೆ. ರಕ್ಷಕಿ ಅವಳ ಪಕ್ಕದಿಂದ ಬಂದು ಒಂದು ಕೋಲಿನಳತೆಯಲ್ಲಿ ಕಾವಲು ನಿಲ್ಲಬಹುದು. ಆದರೆ ದೂರದಿಂದ ಓಡಿ ಬಂದು ಚೆಂಡಿಗೂ ಗೋಲಿಗೂ ನಡುವಿನ ದಾರಿಗೆ ಮೈಯೊಡ್ಡಿದರೆ ಸೀಟಿ ಬೀಳುತ್ತದೆ. ತಪ್ಪು ರಕ್ಷಕಿಯದು. ಎದುರಾಳಿಗೆ ಗೋಲಿನ ಮುಂದೆಯೇ ಫ್ರೀ ಪೊಸಿಷನ್ ಸಿಗುತ್ತದೆ.

ಯಾರೂ ಯಾರನ್ನೂ ಮುಟ್ಟಿಲ್ಲ, ಮತ್ತೆ ಯಾಕೆ? ಆ ಚೆಂಡಿನ ತೂಕ ನೆನಪಿಸಿಕೊಳ್ಳಿ. ಹೆಲ್ಮೆಟ್ ಇಲ್ಲದ ಹುಡುಗಿಯೊಬ್ಬಳು ವೇಗವಾಗಿ ಬೀಸಿ ಬರುವ ಚೆಂಡಿನ ದಾರಿಯಲ್ಲಿ ನಿಂತರೆ ಅಪಾಯ ಅವಳಿಗೇ. ಇಲ್ಲಿ ನಿಯಮ ಕಾಪಾಡುತ್ತಿರುವುದು ತಪ್ಪು ಮಾಡಿದವಳನ್ನು! ಹಾಕಿ ಬಲ್ಲವರಿಗೆ ಇದು ತೀರಾ ವಿಚಿತ್ರ ಅನಿಸಲಾರದು. ಅಲ್ಲೂ ಎದುರಾಳಿಯ ಮೇಲೆ ಅಪಾಯವಾಗುವಂತೆ ಚೆಂಡು ಎಬ್ಬಿಸಿದರೆ ಫೌಲ್ ಕೊಡುತ್ತಾರೆ.

ಈಗ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಪ್ಪನನ್ನು ಊಹಿಸಿಕೊಳ್ಳಿ. ಮಗಳು ಧೈರ್ಯದಿಂದ ಅಡ್ಡ ನಿಂತಳು ಎಂದು ಅವರಿಗೆ ಹೆಮ್ಮೆ. ರೆಫರಿ ಅವಳ ಮೇಲೆಯೇ ಫೌಲ್ ಕೊಟ್ಟಾಗ ‘ನನ್ನ ಮಗಳು ಮುಟ್ಟಲೇ ಇಲ್ಲ!’ ಎಂದು ಕೂಗುತ್ತಾರೆ. ಆ ಕೂಗಿನಿಂದ ಮಗಳು ಕಲಿಯುವುದೇನು? ತಾನು ನಿಂತ ಜಾಗ ಸರಿ, ರೆಫರಿಯೇ ತಪ್ಪು ಎಂದು. ಮುಂದಿನ ಬಾರಿ ಅವಳು ಅದೇ ಜಾಗದಲ್ಲಿ ನಿಲ್ಲುತ್ತಾಳೆ. ಕ್ರೀಡಾಮನೋಭಾವ ಎಂದರೆ ಪಂದ್ಯದ ಕೊನೆಗೆ ಸಾಲಾಗಿ ಕೈಕುಲುಕುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಕವಚವೇ ಇಲ್ಲದ, ನಿಯಮವನ್ನೇ ಕವಚ ಮಾಡಿಕೊಂಡ ಆಟದಲ್ಲಿ ಅದರ ಅರ್ಥ ಇನ್ನೂ ಗಟ್ಟಿ: ರೆಫರಿಯ ಸೀಟಿಗೆ ಬೆಲೆ ಇದ್ದರಷ್ಟೇ ಮಕ್ಕಳ ತಲೆ ಸುರಕ್ಷಿತ.

ಆ ಸೀಟಿ ಊದುವವರ ಸಂಖ್ಯೆಯೇ ಕುಸಿದದ್ದೂ ಉಂಟು. ಅಮೆರಿಕದ ಹೈಸ್ಕೂಲ್ ಕ್ರೀಡಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟದ ಪ್ರಕಾರ 2018-19ರ ನಂತರದ ಕೆಲವೇ ವರ್ಷಗಳಲ್ಲಿ, ಎಲ್ಲ ಆಟಗಳೂ ಸೇರಿ, ಸುಮಾರು 50,000 ಹೈಸ್ಕೂಲ್ ರೆಫರಿಗಳು ಕೆಲಸ ಬಿಟ್ಟರು. ಕೋವಿಡ್ ಒಂದು ಕಾರಣ, ನಿಜ. ಆದರೆ ಅದಕ್ಕೂ ಮೊದಲು, 2017ರಲ್ಲಿ, ಅಲ್ಲಿನ ಕ್ರೀಡಾ ಅಧಿಕಾರಿಗಳ ಸಂಘ 17,000ಕ್ಕೂ ಹೆಚ್ಚು ರೆಫರಿಗಳ ಸಮೀಕ್ಷೆ ಮಾಡಿತ್ತು. ಕೆಟ್ಟ ನಡವಳಿಕೆಗೆ ಯಾರು ಹೆಚ್ಚು ಕಾರಣ ಎಂಬ ಪ್ರಶ್ನೆಗೆ ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಆಟಗಾರರಲ್ಲ, ತಂದೆತಾಯಿಗಳು.

ಸೋಲುತ್ತಿರುವವರಿಗೆ ಚೆಂಡು

ಮಕ್ಕಳ ನಿಯಮಗಳಲ್ಲಿ ಇನ್ನೊಂದು ವಿಶೇಷ. ಗೋಲು ಆದ ಮೇಲೆ ಸಾಮಾನ್ಯವಾಗಿ ಮೈದಾನದ ನಡುವೆ ಇಬ್ಬರು ಹುಡುಗಿಯರು ಕೋಲುಗಳನ್ನು ಬೆನ್ನಿಗೆ ಬೆನ್ನು ಒತ್ತಿ, ನಡುವೆ ಚೆಂಡು ಇಟ್ಟು, ಸೀಟಿಗೆ ಮೇಲಕ್ಕೆ ಎಳೆಯುತ್ತಾರೆ. ಇದಕ್ಕೆ ‘ಡ್ರಾ’ ಎನ್ನುತ್ತಾರೆ. ಒಂದು ತಂಡ ನಾಲ್ಕು ಗೋಲು ಮುಂದಿದ್ದರೆ ಡ್ರಾ ಇಲ್ಲ, ಚೆಂಡು ನೇರವಾಗಿ ಹಿಂದಿರುವ ತಂಡಕ್ಕೆ. ಹಿಂದಿರುವ ತಂಡದ ಕೋಚ್ ಬೇಡ ಎಂದರೆ ಬಿಡಬಹುದು. ‘ಇದು ಮುದ್ದು ಮಾಡುವುದಾಯಿತು, ಮಕ್ಕಳು ಸೋಲು ಕಲಿಯಬೇಡವೇ?’ ಎಂದು ಕೇಳುವವರಿದ್ದಾರೆ. ಡ್ರಾ ಗೆಲ್ಲುವ ಒಬ್ಬ ಎತ್ತರದ ಹುಡುಗಿ ಇದ್ದರೆ ಇನ್ನೊಂದು ತಂಡದ ಮಕ್ಕಳು ಇಡೀ ಪಂದ್ಯದಲ್ಲಿ ಚೆಂಡನ್ನೇ ಮುಟ್ಟದೆ ಮನೆಗೆ ಹೋಗಬಹುದು. ಎಂಟು ವರ್ಷದ ಮಗು ಅದರಿಂದ ಸೋಲನ್ನು ಕಲಿಯುವುದಿಲ್ಲ, ಆಟ ಬಿಡುವುದನ್ನು ಕಲಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಹೆಲ್ಮೆಟ್ ಬೇಡವೇ?

ಇಲ್ಲಿ ಮೊದಲ ಫಾರ್ವರ್ಡಿಗೂ ಸ್ವಲ್ಪ ನ್ಯಾಯ ಸಲ್ಲಬೇಕು. ‘ಹುಡುಗಿಯರ ಆಟದಲ್ಲಿ ಪೆಟ್ಟೇ ಬೀಳುವುದಿಲ್ಲ’ ಎಂಬುದು ಸುಳ್ಳು. ಹುಡುಗರಲ್ಲಿ ಮಿದುಳಿಗೆ ಆಗುವ ಆಘಾತ, ಅಂದರೆ ಕನ್ಕಷನ್, ಹೆಚ್ಚಾಗಿ ಮೈಗೆ ಮೈ ಡಿಕ್ಕಿಯಿಂದ ಬರುತ್ತದೆ. ಹುಡುಗಿಯರಲ್ಲಿ ಹೆಚ್ಚಾಗಿ ಕೋಲು ಅಥವಾ ಚೆಂಡು ತಲೆಗೆ ಬಡಿದು ಬರುತ್ತದೆ. ಕಣ್ಣಿನ ವಿಷಯದಲ್ಲಿ ಈ ಪಾಠ ಮೊದಲೇ ಆಗಿತ್ತು. ಅಮೆರಿಕದಲ್ಲಿ 2000ದ ದಶಕದ ಮಧ್ಯದಲ್ಲಿ ಕನ್ನಡಕ ಕಡ್ಡಾಯ ಮಾಡಿದ ಮೇಲೆ ಹೈಸ್ಕೂಲ್ ಹುಡುಗಿಯರ ಕಣ್ಣಿನ ಗಾಯಗಳು ಗಣನೀಯವಾಗಿ ಇಳಿದವು.

ಹೆಲ್ಮೆಟ್ ವಿರೋಧಿಗಳ ವಾದ ಹೀಗಿದೆ: ಕವಚ ಬಂದರೆ ಭಯ ಹೋಗುತ್ತದೆ, ಭಯ ಹೋದರೆ ಹೊಡೆತ ಹೆಚ್ಚುತ್ತದೆ, ರೆಫರಿಗಳೂ ಸಡಿಲ ಬಿಡುತ್ತಾರೆ. ಕೇಳಲು ತರ್ಕಬದ್ಧ. ಆದರೆ ಪುರಾವೆ?

2015ರಲ್ಲಿ ಹುಡುಗಿಯರ ಲ್ಯಾಕ್ರಾಸ್‌ಗೆಂದೇ ಮೆತ್ತನೆಯ, ಬಾಗುವ ತಲೆಕವಚಕ್ಕೆ ಎಎಸ್‌ಟಿಎಂ ಸಂಸ್ಥೆ ಮಾನದಂಡ ರೂಪಿಸಿತು. ಹುಡುಗರ ಗಟ್ಟಿ ಹೆಲ್ಮೆಟ್ ಇದಲ್ಲ. ಹಾಕಬೇಕೋ ಬೇಡವೋ ಎಂಬುದನ್ನು ಹೆಚ್ಚಿನ ಕಡೆ ಆಟಗಾರ್ತಿಗೇ ಬಿಟ್ಟರು. ಫ್ಲೋರಿಡಾ ರಾಜ್ಯ ಮಾತ್ರ ಹೈಸ್ಕೂಲ್‌ಗಳಲ್ಲಿ ಕಡ್ಡಾಯ ಮಾಡಿತು. ಹೀಗೆ ಹೋಲಿಕೆಗೆ ಒಂದು ಅವಕಾಶ ತಾನಾಗಿ ಸಿಕ್ಕಿತು. 2022ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಡ್ಡಾಯ ಇಲ್ಲದ ಕಡೆಯ ಶಾಲೆಗಳಲ್ಲಿ ಕನ್ಕಷನ್ ಪ್ರಮಾಣ 59% ಹೆಚ್ಚಿತ್ತು.

ಫಾರ್ವರ್ಡ್ ಮಾಡುವ ಮೊದಲು ಒಂದು ಲೆಕ್ಕ. ‘ಹಾಕದವರಲ್ಲಿ 59% ಹೆಚ್ಚು’ ಎಂದರೆ ‘ಹಾಕಿದವರಲ್ಲಿ 59% ಕಡಿಮೆ’ ಎಂದಲ್ಲ. ಕಡ್ಡಾಯ ಇರುವ ಕಡೆ 100 ಎಂದಿಟ್ಟುಕೊಂಡರೆ ಇಲ್ಲದ ಕಡೆ 159. ತಿರುಗಿಸಿ ನೋಡಿದರೆ 159ರಿಂದ 100ಕ್ಕೆ ಇಳಿಕೆ, ಅಂದರೆ ಸುಮಾರು 37%. ಅದೂ ಸಣ್ಣದಲ್ಲ. ಇನ್ನೊಂದು ಮಾತು, ಇದು ಇದ್ದದ್ದನ್ನು ಇದ್ದ ಹಾಗೆ ಗಮನಿಸಿದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಫ್ಲೋರಿಡಾಕ್ಕೂ ಬೇರೆ ರಾಜ್ಯಗಳಿಗೂ ಕವಚದ ಹೊರತಾಗಿ ಬೇರೆ ವ್ಯತ್ಯಾಸಗಳೂ ಇರಬಹುದು. ಇಷ್ಟೆಲ್ಲ ಕಳೆದ ಮೇಲೂ, ಕವಚ ಬಂದರೆ ತಲೆಪೆಟ್ಟು ಹೆಚ್ಚುತ್ತದೆ ಎಂಬ ವಾದಕ್ಕೆ ಇದರಲ್ಲಿ ಬೆಂಬಲ ಸಿಗುವುದಿಲ್ಲ. ನನ್ನನ್ನು ಕೇಳಿದರೆ, ಹಾಕಿಸುವುದೇ ವಾಸಿ.

ಆದರೆ ಯಾವ ಹೆಲ್ಮೆಟ್ಟೂ ಕನ್ಕಷನ್ ಅನ್ನು ಪೂರ್ತಿ ತಡೆಯುವುದಿಲ್ಲ. ತಲೆಬುರುಡೆ ಒಡೆಯದಂತೆ ಅದು ಕಾಪಾಡೀತು, ಬುರುಡೆಯೊಳಗೆ ಮಿದುಳು ಕುಲುಕುವುದನ್ನು ನಿಲ್ಲಿಸಲಾರದು. ಪೆಟ್ಟು ಬಿದ್ದ ಹುಡುಗಿಗೆ ಪ್ರಜ್ಞೆ ತಪ್ಪಿಲ್ಲ, ಆದ್ದರಿಂದ ಏನೂ ಆಗಿಲ್ಲ ಎನ್ನುವುದೂ ತಪ್ಪು. ಕನ್ಕಷನ್ ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ, ಸಿಟಿ ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಚುಚ್ಚುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಇವುಗಳಲ್ಲಿ ಒಂದಿದ್ದರೂ ಆ ದಿನ ಆಟ ಮುಗಿಯಿತು. ಮತ್ತೆ ಮೈದಾನಕ್ಕಿಳಿಯುವುದು ವೈದ್ಯರು ನೋಡಿ ಒಪ್ಪಿದ ಮೇಲೆ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಇದನ್ನು ಕಾನೂನೇ ಮಾಡಿತು, ಐದಾರು ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ವಾಂತಿ ನಿಲ್ಲದಿದ್ದರೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ.

ಕೊನೆಯದಾಗಿ, ಈ ಫೋಟೊ ಜೋಡಿ 2028ರ ಹೊತ್ತಿಗೆ ಮತ್ತೆ ಸುತ್ತಿಗೆ ಬರುವುದು ಬಹುತೇಕ ಖಚಿತ. ಆಗ ಒಲಿಂಪಿಕ್ಸ್‌ನಲ್ಲಿ ಕಾಣುವುದು ‘ಸಿಕ್ಸಸ್’ ಎಂಬ ಚುಟುಕು ಮಾದರಿ. ತಂಡಕ್ಕೆ ಆರು ಮಂದಿ, ಎಂಟು ನಿಮಿಷಗಳ ನಾಲ್ಕು ಭಾಗ, ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು. ಶಾಲೆಯ ಹುಡುಗಿಯರದ್ದು ಗೋಲ್‌ಕೀಪರ್ ಸೇರಿ 12 ಮಂದಿಯ ಆಟ. ಅಂದ ಹಾಗೆ, ಅವರಲ್ಲಿ ಗಟ್ಟಿ ಹೆಲ್ಮೆಟ್ ಹಾಕುವ ಒಬ್ಬಳು ಇದ್ದೇ ಇರುತ್ತಾಳೆ, ಅವಳೇ ಆ ಗೋಲ್‌ಕೀಪರ್. ಅವಳ ಫೋಟೊ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.